ಖಾಲಿ ಹೊಟ್ಟೆಯ ಹಳದಿ ಕಣ್ಣು

ಬಸ್ ಡಿಪೋದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ; ಎಲ್ಲರಿಗೂ ಅವನು ನಿಂಬೆಹಣ್ಣು. ತಿಂಡಿ ತಪ್ಪಿಸಿ ಬಸ್ ಓಡಿಸಿದ ದಿನ ಕಣ್ಣಿನ ಬಿಳಿ ಹಳದಿಗೆ ತಿರುಗುತ್ತಿತ್ತು; ತಿಂಡಿಗೂ ಕಣ್ಣಿಗೂ ನಂಟಿದೆ ಎಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಕುಡಿಯುವುದಿರಲಿ, ಸೋಡಾ ಬಾಟಲಿ ತೆರೆದ ಸದ್ದಿಗೇ ಬೆಚ್ಚುವ ಪ್ರಾಣಿ ಅದು. ಆದರೂ ಹೊಸ ಮೇಲ್ವಿಚಾರಕ ಆ ಕಣ್ಣು ನೋಡಿ, ಹತ್ತಿರ ಬಂದು ಮೂಸಿ, ವಾಸನೆ ಏನೂ ಸಿಗದೆ ಇನ್ನಷ್ಟು ಸಿಟ್ಟಾದ. "ಡಾಕ್ಟರ್ ಸರಿ ಅನ್ನೋವರೆಗೂ ಸ್ಟೀರಿಂಗ್ ಮುಟ್ಟಬೇಡ!"

ಸ್ಟೀರಿಂಗ್ ಕಳೆದುಕೊಂಡ ನಿಂಬೆಹಣ್ಣು ಮನೆಯಲ್ಲಿ ಊಟದ ತಟ್ಟೆಯನ್ನೇ ಎಡಕ್ಕೆ ಬಲಕ್ಕೆ ತಿರುಗಿಸುತ್ತ ಕೂತ. ಅಪ್ಪ ಅಮ್ಮನ ಹಳೆಯ ಜಗಳಕ್ಕೆ ಮತ್ತೆ ಜೀವ ಬಂತು.

"ನಿಮ್ಮ ಮನೆತನದ ಕಣ್ಣೇ ಹಾಗೆ. ನಿಮ್ಮ ಚಿಕ್ಕಪ್ಪನ್ನ ನೋಡಿಲ್ವಾ ನಾನು?" ಎಂದಳು ಅಮ್ಮ.

"ನಿಮ್ಮಣ್ಣನ ಕಣ್ಣೇನು ಹಾಲಲ್ಲಿ ತೊಳೆದಿದ್ದಾ?" ಎಂದ ಅಪ್ಪ.

ಲಿವರಿಗೆ ವಿಶ್ರಾಂತಿ ಕೊಟ್ಟರೆ ಡಾಕ್ಟರ ಮುಂದೆ ಅದು ಮರ್ಯಾದೆಯಿಂದ ನಡೆದುಕೊಂಡೀತು ಎಂದು ನಿಂಬೆಹಣ್ಣು ರಾತ್ರಿ ಊಟ ಬಿಟ್ಟ, ಬೆಳಿಗ್ಗೆ ತಿಂಡಿಯನ್ನೂ ಬಿಟ್ಟ. ಪರೀಕ್ಷೆಯ ಹಿಂದಿನ ದಿನ ಒಳ್ಳೆಯವರಾಗುವುದು ನಮ್ಮೆಲ್ಲರ ಅಭ್ಯಾಸವೇ. ಆಸ್ಪತ್ರೆಯ ಕನ್ನಡಿಯಲ್ಲಿ ನೋಡಿಕೊಂಡರೆ ಕಣ್ಣೆರಡೂ ಸಿಗ್ನಲ್ ದೀಪ! ಇನ್ನು ಈ ಜನ್ಮಕ್ಕೆ ಬಸ್ಸಿಲ್ಲ ಎಂದುಕೊಂಡ.

"ಬೆಳಿಗ್ಗೆ ಏನು ತಿಂದ್ರಿ?" ಎಂದಳು ಡಾಕ್ಟರಮ್ಮ.

"ಏನೂ ಇಲ್ಲ ಮೇಡಂ. ನಿಮಗೋಸ್ಕರ ಉಪವಾಸ."

ಡಾಕ್ಟರಮ್ಮ ನಕ್ಕುಬಿಟ್ಟಳು, ಪರೀಕ್ಷೆಗೆ ರಕ್ತ ತೆಗೆಸಿ ಕಳಿಸಿದಳು. ಫಲಿತಾಂಶದ ದಿನ ಅಪ್ಪ ಅಮ್ಮನೂ ಜೊತೆಗೆ ಹೊರಟರು, ಸಾಕ್ಷಿ ಹೇಳಲು.

"ಹಳೇ ರಕ್ತಕಣ ಒಡೆದಾಗ ಒಂದು ಹಳದಿ ಕಸ ಹುಟ್ಟುತ್ತೆ," ಎಂದಳು ಡಾಕ್ಟರಮ್ಮ. "ಲಿವರ್ ಜೀವಕೋಶದೊಳಗಿನ ಪೊರೆಗೆ ಅಂಟಿಕೊಂಡಿರೋ ಒಂದು ಕಿಣ್ವ ಅದನ್ನ ನೀರಲ್ಲಿ ಕರಗೋ ಹಾಗೆ ಮಾಡುತ್ತೆ, ಆಗ ಅದು ಮೈಯಿಂದ ಹೊರಗೆ ಹೋಗುತ್ತೆ. ಆ ಕಿಣ್ವ ಎಷ್ಟು ತಯಾರಾಗಬೇಕು ಅಂತ ಹೇಳೋ ಜಾಗದಲ್ಲಿ ನಿಮ್ಮ ಜೀನಲ್ಲಿ ಎರಡಕ್ಷರ ಹೆಚ್ಚಿಗೆ ಬಿದ್ದಿದೆ. ಅದಕ್ಕೇ ಕಿಣ್ವ ಕಡಿಮೆ. ಹೊಟ್ಟೆ ಖಾಲಿ ಇಟ್ಟರೆ ಕಸ ಇನ್ನೂ ಉಳಿಯುತ್ತೆ. ಮಿಕ್ಕಿದ್ದೆಲ್ಲ ಸರಿಯಾಗಿದೆ. ಧಾರಾಳವಾಗಿ ಬಸ್ ಓಡಿಸಿ."

ನಿಂಬೆಹಣ್ಣು ಕುರ್ಚಿಯಿಂದ ಅರ್ಧ ಎದ್ದ. ಆದರೆ ಅಪ್ಪ ಅಮ್ಮನಿಗೆ ಕೇಸು ಇನ್ನೂ ಮುಗಿದಿರಲಿಲ್ಲ. "ಬಂದಿದ್ದು ಯಾರ ಕಡೆಯಿಂದ?" ಎಂದು ಇಬ್ಬರೂ ಒಟ್ಟಿಗೇ ಕೇಳಿದರು.

"ಇಬ್ಬರ ಕಡೆಯಿಂದಲೂ. ನಿಮ್ಮದೊಂದು ಪ್ರತಿ, ಅವರದೊಂದು. ಎರಡೂ ಸೇರಿದ್ದಕ್ಕೇ ಈ ಹಳದಿ."

ಮದುವೆಯಾದಾಗಿನಿಂದ ಅವರಿಬ್ಬರೂ ಒಟ್ಟಿಗೆ ಸೋತದ್ದು ಇದೇ ಮೊದಲು.

"ಅಂತೂ ಒಂದು ವಿಷಯದಲ್ಲಾದರೂ ನಾವು ಸಮಸಮ ಕಣೇ," ಎಂದ ಅಪ್ಪ.

"ಹೂಂ. ಆದ್ರೆ ಜಾಸ್ತಿ ಹಳದಿ ನಿಮ್ಮದೇ," ಎಂದಳು ಅಮ್ಮ.

ಮರುದಿನ ಡಾಕ್ಟರ ಚೀಟಿ ಓದಿದ ಮೇಲ್ವಿಚಾರಕ ಕೇಳಿದ್ದು ಒಂದೇ ಮಾತು: "ತಿಂದು ಬಂದ್ಯಾ?" ಉತ್ತರ ಹೇಳಲು ಅಮ್ಮನೇ ಬಂದಿದ್ದಳು, ಡಬ್ಬಿ ಸಮೇತ. ಡ್ರೈವರ್ ಕಿಟಕಿಯ ಕೆಳಗೆ ನಿಂತು, "ಇನ್ನೊಂದು ತುತ್ತು ತಗೋ, ಆಮೇಲೆ ಗೇರ್ ಹಾಕು," ಎಂದು ಕೈ ಚಾಚಿದಳು.

"ನಮಗೂ ಇದೆಯಾ ಅಮ್ಮಾ?" ಎಂದು ಹಿಂದಿನ ಸೀಟಿನಿಂದ ಯಾರೋ ಕೂಗಿದರು.

ಬಾಯಿ ತುಂಬಿದ್ದರಿಂದ ನಿಂಬೆಹಣ್ಣು ಹಾರ್ನಿನಲ್ಲೇ ಉತ್ತರ ಕೊಟ್ಟು ಬಸ್ ಹೊರಡಿಸಿದ.