ಕರಿ ತಲೆಯ ಕೆಂಪು ಕಾರು

ಶಿವಮಲ್ಲಪ್ಪನವರು ಯಾರನ್ನೂ ಸುಮ್ಮನೆ ನಂಬಿದವರಲ್ಲ. ಬೆಳಗಿನ ಹಾಲಿನ ಪ್ಯಾಕೆಟ್ಟನ್ನು ಎತ್ತಿ ಅಲ್ಲಾಡಿಸಿ ನೋಡಿಯೇ ಒಳಗೆ ತರುವರು. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುವರು, ಕಂಡಕ್ಟರು ಹೇಳಿದ ಮೇಲೆ ಪಕ್ಕದಲ್ಲಿ ಕೂತವರನ್ನು ಕೇಳುವರು. ಮೈಸೂರಿನ ದೊಡ್ಡ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅವರದೊಂದು ಪುಟ್ಟ ಅಂಗಡಿ. ವಿಭೂತಿ ಗಟ್ಟಿ, ರುದ್ರಾಕ್ಷಿ, ಕರ್ಪೂರ, ಊದುಬತ್ತಿ, ಅರಿಶಿನ, ಕುಂಕುಮ. ತಂದೆಯ ಕಾಲದಲ್ಲಿ ಮಠಕ್ಕೆ ವಿಭೂತಿ ಹೋಗುತ್ತಿದ್ದುದು ಇದೇ ಅಂಗಡಿಯಿಂದ. ಕುಂಕುಮ ತಂದು ಹಾಕುವವರು ಶಿವಮಲ್ಲಪ್ಪನವರಿಗೆ ಹೆದರುತ್ತಿದ್ದರು. ಒಂದು ಚಿಟಿಕೆಯನ್ನು ಅಂಗೈ ಮೇಲೆ ಹಾಕಿ, ಬಾಗಿಲ ಬೆಳಕಿಗೆ ಹಿಡಿದು, “ಇದಕ್ಕೆ ಬಣ್ಣ ಬೆರೆಸಿದೀರಿ, ತಗೊಂಡೋಗಿ” ಎಂದು ವಾಪಸು ಕಳಿಸಿಬಿಡುವರು. ಹೆಚ್ಚಿನ ಸಲ ಅವರ ಮಾತು ಸರಿಯಾಗಿಯೇ ಇರುತ್ತಿತ್ತು. ಆದ್ದರಿಂದ ಅನುಮಾನವೆಂಬುದು ಅವರಿಗೆ ಕೆಟ್ಟ ಗುಣವಾಗಿ ಕಂಡಿರಲೇ ಇಲ್ಲ. ಕಸುಬಿನ ಒಂದು ಭಾಗವಾಗಿ ಕಂಡಿತ್ತು.

ಇಷ್ಟೆಲ್ಲ ಅನುಮಾನಿಸುವವರು ತಮ್ಮ ಕಣ್ಣುಗಳನ್ನು ಮಾತ್ರ ಅನುಮಾನಿಸಲಿಲ್ಲ.

ಕಣ್ಣು ಮಂಜಾಗುತ್ತಿರುವುದು ಮೊದಲು ತಿಳಿದದ್ದು ಹೆಂಡತಿ ಪ್ರೇಮಲೀಲಾ ಅವರಿಗೆ, ಹಳೆಯ ಸ್ಕೂಟರಿನ ಹಿಂದಿನ ಸೀಟಿನಲ್ಲಿ. ಬೋಗಾದಿಯ ಮನೆಗೆ ಬರುವ ದಾರಿಯ ಉಬ್ಬುಗಳನ್ನು ಗಂಡ ನಿಧಾನಿಸದೆ ಹಾರಿಸತೊಡಗಿದ್ದರು. ಹೊಸ ಬಡಾವಣೆಯ ಬೀದಿಗಳಲ್ಲಿ ಮನೆ ಕಟ್ಟುವವರು ಸುರಿದ ಜಲ್ಲಿ ರಾಶಿ ಹತ್ತಿರ ಬಂದ ಮೇಲಷ್ಟೇ ಅವರಿಗೆ ಕಾಣುತ್ತಿತ್ತು. ಒಂದು ಸಂಜೆ ಪಕ್ಕದ ಮನೆಯವರ ಸ್ಕೂಟರಿಗೆ ಕೀ ತುರುಕಿಕೊಂಡು ನಿಂತು, “ಯಾರೋ ಲಾಕ್ ಕೆಡಿಸಿದಾರೆ ಕಣೇ” ಎಂದು ಬೀದಿಗೆಲ್ಲ ಕೇಳುವಂತೆ ಬೈದರು.

ಕಣ್ಣಿನ ಡಾಕ್ಟರ ಮಾತೆತ್ತಿದರೆ ಉತ್ತರ ಸಿದ್ಧವಿತ್ತು. “ಹೋದೋರಿಗೆಲ್ಲ ಪೊರೆ ಅಂತಾರೆ. ಆಸ್ಪತ್ರೆ ಕಟ್ಟಿಸಿದ ಸಾಲ ಅವರೂ ತೀರಿಸಬೇಕಲ್ವಾ.” ಸ್ಕೂಟರ್ ಬಿಡಿ ಎಂದರೆ ಅವತ್ತು ರಾತ್ರಿ ಊಟ ಬಿಡುತ್ತಿದ್ದರು.

ಗಂಡ ಅಂಗಡಿಯಿಂದ ಬರುವ ಹೊತ್ತಿಗೆ ಪ್ರೇಮಲೀಲಾ ಗೇಟಿನ ಬಳಿ ಬಂದು ನಿಲ್ಲುವುದು ರೂಢಿಯಾಯಿತು. ತಿರುವಿನಲ್ಲಿ ಸ್ಕೂಟರಿನ ದೀಪ ಕಾಣುವವರೆಗೂ ಗೇಟು ಬಿಟ್ಟು ಕದಲುತ್ತಿರಲಿಲ್ಲ. ಇವರನ್ನು ಆ ಸ್ಕೂಟರಿನಿಂದ ಇಳಿಸಬೇಕು. ಇಳಿಸಿದ ಹಾಗೆ ಅವರಿಗೆ ಅನ್ನಿಸಬಾರದು. ಐವತ್ತು ದಾಟಿದ ಹೆಂಗಸು ಕಾರು ಕಲಿಯಲು ಹೊರಟದ್ದು ಹೀಗೆ.

ಹೆಂಗಸರಿಗೆ ಡ್ರೈವಿಂಗ್ ಹೇಳಿಕೊಡುವ ಚಾಮುಂಡೇಶ್ವರಿ ಎಂಬಾಕೆ ಬೆಳಗಿನ ಹೊತ್ತು ಮಂಡಕಳ್ಳಿಯ ಕಡೆಯ ನೇರ ರಸ್ತೆಗೆ ಕರೆದೊಯ್ಯುತ್ತಿದ್ದರು. ಮನೆಯಲ್ಲಿ ಅದಕ್ಕೆ ವಾಕಿಂಗ್ ಎಂದು ಹೆಸರು. ಶಿವಮಲ್ಲಪ್ಪನವರಿಗೆ ಸಂಶಯ ಬರಲು ಹೆಚ್ಚು ದಿನ ಬೇಕಾಗಲಿಲ್ಲ.

“ವಾಕಿಂಗ್ ಮಾಡಿದ್ರೆ ಎರಡೂ ಕಾಲು ನೋಯ್ಬೇಕು. ನಿಂಗೆ ಎಡಗಾಲು ಒಂದೇ ಯಾಕೆ ನೋಯುತ್ತೆ?”

“ವಯಸ್ಸಾಯ್ತಲ್ಲ.”

“ಎಡಗಾಲಿಗೆ ಮಾತ್ರನಾ?”

ಕ್ಲಚ್ ತುಳಿದು ತುಳಿದು ಬಂದ ನೋವು ಅದು. ಲೈಸೆನ್ಸ್ ಕೈಗೆ ಬಂದ ದಿನ ಪ್ರೇಮಲೀಲಾ ಅದನ್ನು ಉಪ್ಪಿಟ್ಟಿನ ತಟ್ಟೆಯ ಪಕ್ಕ ಇಟ್ಟರು. ಶಿವಮಲ್ಲಪ್ಪನವರು ಅದನ್ನು ಮೂಗಿನ ಹತ್ತಿರ ತಂದು, ತಿರುಗಿಸಿ, ಮತ್ತೆ ತಿರುಗಿಸಿದರು.

“ಎಲ್ಲಿಗೆ ಹೋಗ್ಬೇಕು ನಿಂಗೆ?”

“ಎಲ್ಲಿಗೂ ಇಲ್ಲ. ನಿಮ್ಮ ಜೊತೆಗೇ.”

“ನನ್ನ ಜೊತೆ ಹೋಗೋಕೆ ಸ್ಕೂಟರ್ ಇದೆಯಲ್ಲ,” ಎಂದರು. ಮುಂದೆ ಏನನ್ನೂ ಕೇಳಲಿಲ್ಲ. ಕೇಳದೆ ಇದ್ದುದೇ ಹೆಚ್ಚಿನ ಅನುಮಾನದ ಗುರುತು. ಆದರೆ ಕಾರು ನೋಡಲು ಹೊರಟಾಗ ತಾವೇ ಮುಂದಾದರು. ಹೆಂಡತಿಗೆ ಯಾರಾದರೂ ಟೋಪಿ ಹಾಕುವುದನ್ನು ಅವರು ಸಹಿಸುವಂತಿರಲಿಲ್ಲ.

ಮೊದಲು ಹೋದದ್ದು ರಿಂಗ್ ರಸ್ತೆಯ ಪಕ್ಕದ ಒಂದು ಹಳೇ ಕಾರುಗಳ ಅಂಗಡಿಗೆ. ಬೆಳ್ಳಿ ಬಣ್ಣದ ಸಣ್ಣ ಕಾರೊಂದನ್ನು ತೋರಿಸಿ ಅಲ್ಲಿಯವನು, “ಒಬ್ರೇ ಓನರ್ ಸರ್, ಡಾಕ್ಟ್ರು. ಆಸ್ಪತ್ರೆಗೆ ಹೋಗೋದು, ಮನೆಗೆ ಬರೋದು, ಅಷ್ಟೇ,” ಎಂದ.

“ಯಾವ ಡಾಕ್ಟ್ರು? ಫೋನ್ ನಂಬರ್ ಕೊಡಿ.”

“ಅವ್ರು ಟ್ರಾನ್ಸ್‌ಫರ್ ಆಗೋದ್ರು ಸರ್.”

“ನೋಡ್ದಾ ಪ್ರೇಮ, ಫೋನೂ ಟ್ರಾನ್ಸ್‌ಫರ್ ಆಯ್ತು.”

ಸೀಟಿನ ಕವರ್ ಎತ್ತಿದರು, ಮ್ಯಾಟ್ ಮೂಸಿದರು, ಇಷ್ಟು ಹೊಳೆಯುತ್ತಿರುವುದು ಏನನ್ನೋ ಮುಚ್ಚಲಿಕ್ಕೇ ಎಂದರು. ಪ್ರೇಮಲೀಲಾ ನಕ್ಕರು. “ನನ್ನ ನೋಡೋಕೆ ಬಂದಾಗ್ಲೂ ಹಿಂಗೇ. ಕಾಲು ಕುಂಟೇನೋ ಅಂತ ಎರಡು ಸಲ ನಡೆಸಿದ್ರಿ.”

“ನಡೆಸಿದ್ದಕ್ಕೇ ಇವತ್ತಿಗೂ ನೆಟ್ಟಗಿದೀಯಾ.”

ಅಷ್ಟು ಹೇಳಿ ನೀರು ಕುಡಿಯಲು ಹೋದವರು ತಿರುಗಿ ಬಂದಾಗ ಸಾಲಿನ ಕೊನೆಯಲ್ಲಿದ್ದ ಇನ್ನೊಂದು ಕಾರಿನ ಮುಂದೆ ನಿಂತು ಬಾಗಿಲು ಎಳೆಯುತ್ತಿದ್ದರು. ಅದರ ಬಣ್ಣ ಬೂದು. “ಬಾಗಿಲು ಜಾಮ್ ಆಗಿದೆ ಕಣ್ರೀ, ಇಂಥದ್ನ ತೋರಿಸ್ತೀರಲ್ಲ!” ಎಂದು ಗದರಿದರು. ಅಂಗಡಿಯವನು ಪ್ರೇಮಲೀಲಾ ಅವರ ಮುಖ ನೋಡಿದ. ಅವರು ಬೇಗ ಹೋಗಿ ಗಂಡನ ಕೈ ಹಿಡಿದು, “ಬೇಡ ಬನ್ನಿ, ನಂಗಿದು ಇಷ್ಟ ಆಗ್ಲಿಲ್ಲ,” ಎಂದರು.

ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತು ಒಂದು ತೀರ್ಮಾನಕ್ಕೆ ಬಂದರು. ಬೆಳ್ಳಿ ಬೇಡ, ಬಿಳಿಯೂ ಬೇಡ. ನೂರು ಕಾರು ನಿಂತ ಜಾಗದಲ್ಲೂ ಇವರಿಗೆ ತಾನಾಗಿಯೇ ಗುರುತು ಸಿಗುವಂಥದ್ದು ಬೇಕು.

ಮೈಸೂರಿನದೇ ಹೆಬ್ಬಾಳ ಬಡಾವಣೆಯ ವಿಜಯ್‌ಕುಮಾರ್ ಎಂಬುವರು ಮಾರಾಟಕ್ಕಿಟ್ಟ ಕಾರಿನ ಚಿತ್ರವನ್ನು ಚಾಮುಂಡೇಶ್ವರಿ ಮೊಬೈಲಿನಲ್ಲಿ ತೋರಿಸಿದ್ದು ಆ ವಾರವೇ. ಕಡು ಕೆಂಪು ಮೈ, ಕಪ್ಪು ತಲೆ, ಕಪ್ಪು ಚಕ್ರ, ಹಿಂದೆ ಗಾಜಿನ ಮೇಲೆ ಪುಟ್ಟದೊಂದು ರೆಕ್ಕೆ. “ನೋಡೋಕೆ ರೇಸಿನ ಕಾರಿನ ಥರ ಅಷ್ಟೇ ಕಣಮ್ಮ. ಒಳಗಿರೋದು ಅದೇ ಸಣ್ಣ ಎಂಜಿನ್ನು. ಹೊಸಬರಿಗೆ ಭಯ ಇಲ್ಲ,” ಎಂದರು ಆಕೆ. ಪ್ರೇಮಲೀಲಾ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಗಂಡನಿಗೆ ಕಾಣುತ್ತದೆ ಎಂಬುದು ನಿಜ. ಆದರೆ ಚಿತ್ರ ನೋಡುತ್ತಿದ್ದಂತೆ ಅವರ ಮುಖದಲ್ಲಿ ಮೂಡಿದ ಸಂತೋಷಕ್ಕೆ ಗಂಡನ ಕಣ್ಣು ಕಾರಣವಾಗಿರಲಿಲ್ಲ. ಇಷ್ಟು ವರ್ಷ ಅವರಿಗೆಂದು ಮನೆಗೆ ಬಂದ ವಸ್ತುಗಳೆಲ್ಲ ಕೊಳೆ ಕಾಣದ ಬಣ್ಣದವು.

ಶಿವಮಲ್ಲಪ್ಪನವರು ಕೇಳಿದ್ದು ಒಂದೇ. “ಸಣ್ಣ ಎಂಜಿನ್ನು ಅಂದ್ಮೇಲೆ ಈ ವೇಷ ಯಾಕೆ? ಆ ರೆಕ್ಕೆ ಏನಕ್ಕೆ, ಹಾರಕ್ಕಾ?”

ಭಾನುವಾರ ಬೆಳಗ್ಗೆ ಹೆಬ್ಬಾಳಕ್ಕೆ ಹೋದಾಗ ವಿಜಯ್‌ಕುಮಾರ್ ಕಾರನ್ನು ತೊಳೆದು ಮನೆಯ ಮುಂದೆ ನಿಲ್ಲಿಸಿದ್ದರು. ಪಕ್ಕದ ಕಾರ್ಖಾನೆಯಲ್ಲಿ ಕೆಲಸ ಅವರಿಗೆ. ದೊಡ್ಡ ಕಾರು ಬುಕ್ ಮಾಡಿದ್ದರಿಂದ ಇದನ್ನು ಕೊಡುತ್ತಿದ್ದೇನೆ ಎಂದರು. ಅವರ ತಾಯಿ ಸುಮಿತ್ರಮ್ಮ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

ಚಾಮುಂಡೇಶ್ವರಿ ಕಲಿಸಿಕೊಟ್ಟಂತೆ ಪ್ರೇಮಲೀಲಾ ಬಾಗಿಲಿನ ಅಂಚಿನ ರಬ್ಬರ್ ಎತ್ತಿ ನೋಡಿದರು. ಒಳಗಿನ ಬಣ್ಣಕ್ಕೂ ಹೊರಗಿನ ಬಣ್ಣಕ್ಕೂ ವ್ಯತ್ಯಾಸವಿರಲಿಲ್ಲ. ಟೈರಿನ ಕಚ್ಚುಗಳು ಇನ್ನೂ ಸವೆದಿರಲಿಲ್ಲ. ಶಿವಮಲ್ಲಪ್ಪನವರು ಒಳಗೆ ತಲೆ ಹಾಕಿದವರು ಥಟ್ಟನೆ ಹೊರಗೆ ಬಂದರು.

“ಇಷ್ಟೊಂದು ಸೆಂಟು ಯಾಕೆ ಹೊಡೆದಿದೀರಿ?”

“ಮಲ್ಲಿಗೆ ಸರ್, ನಮ್ಮನೆಯವ್ರಿಗೆ ಇಷ್ಟ.”

“ಯಾವ ವಾಸನೆ ಮುಚ್ಚೋಕೆ ಅಂತ ಕೇಳ್ದೆ.”

ಡ್ಯಾಶ್‌ಬೋರ್ಡಿನ ಮೇಲೆ ಬೆರಳಾಡಿಸಿದರು. ನಡುವೆ ಅಂಟಿನ ಒಂದು ವೃತ್ತ ಉಳಿದಿತ್ತು. “ಇಲ್ಲಿದ್ದ ದೇವರನ್ನ ಯಾಕೆ ತೆಗೆದ್ರಿ?”

“ಹೊಸ ಕಾರಿಗೆ ಇಡೋಣ ಅಂತ...”

“ದೇವರನ್ನ ಇಟ್ಕೊಂಡು ಕಾರನ್ನ ಮಾತ್ರ ಕೊಡ್ತೀರಿ,” ಎನ್ನುತ್ತ ಹಿಂದಕ್ಕೆ ಹೋಗಿ ಡಿಕ್ಕಿ ತೆರೆದರು. ಅಲ್ಲಿನ ಬೂದು ಮ್ಯಾಟಿನ ಮೂಲೆಯಲ್ಲಿ ಅಂಗೈಯಗಲದ ಕಲೆ ಇತ್ತು. ಅವರು ಬಗ್ಗಿದರು. ಉಗುಳು ಹಚ್ಚಿದ ಬೆರಳಿನಿಂದ ಕಲೆಯನ್ನು ಉಜ್ಜಿ, ಬೆರಳನ್ನು ಕಣ್ಣಿನ ಮುಂದೆ ಹಿಡಿದರು. ಅವರ ದನಿ ಏರಿತು.

“ರಕ್ತ! ರಕ್ತ ಕಣ್ರೀ ಇದು! ಯಾರನ್ನ ಗುದ್ದಿ, ಯಾರನ್ನ ಹಾಕ್ಕೊಂಡು ಹೋಗಿದ್ರಿ ಇದ್ರಲ್ಲಿ? ಅದಕ್ಕೇ ಸೆಂಟು, ಅದಕ್ಕೇ ಈ ಬಣ್ಣ! ಪ್ರೇಮ, ನಡಿ!”

ಎದುರು ಮನೆಯ ಕಿಟಕಿ ತೆರೆಯಿತು. ವಿಜಯ್‌ಕುಮಾರ್ ಮುಖ ಕೆಂಪಾಗಿ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಸುಮಿತ್ರಮ್ಮ ಮೊರ ಕೆಳಗಿಟ್ಟು ಎದ್ದು ಬಂದು, ಆ ಎತ್ತಿದ ಬೆರಳನ್ನು ನೋಡಿ ಜೋರಾಗಿ ನಕ್ಕರು.

“ಅಯ್ಯೋ ಯಜಮಾನ್ರೇ, ಅದು ಕುಂಕ್ಮ ಕಣ್ರೀ! ಆಯುಧಪೂಜೆ ದಿನ ಕುಂಬಳಕಾಯಿಗೆ ತುಂಬುಕೆ ತಂದ ಪೊಟ್ಣ ಅಲ್ಲೇ ಒಡ್ದೋಯ್ತು. ಎಷ್ಟು ತೊಳುದ್ರೂ ಓಗ್ನಿಲ್ಲ. ಏನು, ಕುಂಕ್ಮ ಕಂಡಿಲ್ವಾ ನೀವು?”

ಶಿವಮಲ್ಲಪ್ಪನವರ ಬೆರಳು ಗಾಳಿಯಲ್ಲೇ ನಿಂತಿತ್ತು. ಬಿಸಿಲಿನಲ್ಲಿ ಅದರ ತುದಿ ಹೊಳೆಯುವ ಕೆಂಪು. ಮಗುವಿಗೂ ತಿಳಿಯುವ ಕೆಂಪು. ಅವರು ಬೆರಳನ್ನು ಇನ್ನಷ್ಟು ಹತ್ತಿರ ತಂದರು, ದೂರ ಹಿಡಿದರು, ಬೆಳಕಿನ ಕಡೆ ತಿರುಗಿಸಿದರು. ಅವರಿಗೆ ಕಂಡದ್ದು ಒಣಗಿದ ಕಂದು ಬಣ್ಣವೊಂದೇ.

“ಎಂಗವ್ರೆ ನೋಡಿ,” ಎಂದು ಸುಮಿತ್ರಮ್ಮ ಮತ್ತೂ ನಗುತ್ತ ಪ್ರೇಮಲೀಲಾ ಅವರತ್ತ ತಿರುಗಿದರು. “ಏನ್ ಕೆಲ್ಸ ಮಾಡ್ತಾರಮ್ಮ ನಿಮ್ಮನೆಯವ್ರು?”

ಪ್ರೇಮಲೀಲಾ ಡಿಕ್ಕಿಯ ಬಾಗಿಲು ಮುಚ್ಚಿದರು. “ಮನೇಲೇ ಇದಾರೆ. ರಿಟೈರ್ ಆಗಿದೆ,” ಎಂದರು.

ಅಂಗಡಿಯ ಹೆಸರು ಹೇಳದೆ ಹೆಂಡತಿ ತಮ್ಮ ಮಾನವನ್ನು ಮುಚ್ಚಿದ್ದು ಶಿವಮಲ್ಲಪ್ಪನವರಿಗೆ ಕೇಳಿಸಿತು. ಬೆರಳನ್ನು ಪಂಚೆಯ ಅಂಚಿಗೆ ಒರೆಸಿಕೊಂಡು, ಯಾರತ್ತಲೂ ನೋಡದೆ ಗೇಟು ದಾಟಿ ಹೋದರು. ಪ್ರೇಮಲೀಲಾ ಹೊರಗೆ ಬರುವ ಹೊತ್ತಿಗೆ ಅವರು ಸ್ಕೂಟರ್ ಮೇಲೆ ಕೂತಿದ್ದರು.

“ಹತ್ತು.”

“ನಾನು ಹತ್ತಲ್ಲ.”

“ಬೀದೀಲಿ ನಾಟಕ ಬೇಡ ಪ್ರೇಮ. ಹತ್ತು.”

“ಇನ್ಮೇಲೆ ಹತ್ತಲ್ಲ ರೀ. ಇಷ್ಟು ದಿನ ಹಿಂದೆ ಕೂತು ಶಿವಶಿವಾ ಅಂತಿದ್ದೆ. ಇವತ್ತು ನೋಡಿದ್ಮೇಲೆ ಅದೂ ಆಗಲ್ಲ.”

ಅವರು ಸ್ಕೂಟರ್ ಶುರು ಮಾಡಲಿಲ್ಲ. ಪಾಳಿ ಮುಗಿಸಿದವರನ್ನು ತುಂಬಿಕೊಂಡ ಕಾರ್ಖಾನೆಯ ಬಸ್ಸೊಂದು ಮುಂದಿನ ರಸ್ತೆಯಲ್ಲಿ ಹಾದುಹೋಯಿತು.

“ಯಾವಾಗಿಂದ ಗೊತ್ತು ನಿಂಗೆ?”

“ಪಕ್ಕದ ಮನೆ ಸ್ಕೂಟರಿಗೆ ಕೀ ಹಾಕಿದ್ರಲ್ಲ, ಅದಕ್ಕೂ ಮುಂಚಿನಿಂದ.”

“ಡ್ರೈವಿಂಗ್ ಕಲ್ತಿದ್ದು ಅದಕ್ಕೇನಾ?”

“ಅದಕ್ಕೇ.”

“ಬರೀ ಅದಕ್ಕೇನಾ?” ಅವರ ದನಿಯಲ್ಲಿ ಹಳೆಯ ಸಂಶಯ ಇಣುಕಿತು.

ಪ್ರೇಮಲೀಲಾ ಸುಳ್ಳು ಹೇಳಲಿಲ್ಲ. “ಮೊದಲು ಅದಕ್ಕೇ. ಆಮೇಲೆ ಇಷ್ಟ ಆಗೋಯ್ತು. ಆ ಕಾರೂ ಇಷ್ಟ ಆಯ್ತು. ಒಂದ್ಸಲ ಓಡಿಸಿ ನೋಡ್ತೀನಿ. ನೀವು ಪಕ್ಕದಲ್ಲಿ ಕೂತ್ಕೊಳಿ. ಬೇಡ ಅನ್ಸಿದ್ರೆ ಬೇಡ.”

ಅವರು ಸ್ಟ್ಯಾಂಡ್ ಹಾಕಿ ಇಳಿದರು.

ವಿಜಯ್‌ಕುಮಾರ್ ಮುನಿಸಿಕೊಂಡಿದ್ದರೂ ಕೀ ಕೊಟ್ಟರು. ತಾವು ಹಿಂದಿನ ಸೀಟಿನಲ್ಲಿ ಕೂತರು. ಬೀದಿಯ ಕೊನೆಯಲ್ಲೇ ಕಾರು ಒಮ್ಮೆ ಜಿಗಿದು ನಿಂತುಹೋಯಿತು.

“ನೋಡ್ದಾ! ಎಂಜಿನ್ನೇ ಸರಿಯಿಲ್ಲ,” ಎಂದರು ಶಿವಮಲ್ಲಪ್ಪನವರು, ಕಾದು ಕೂತಿದ್ದವರಂತೆ.

“ಎಂಜಿನ್ ಸರಿಯಾಗೇ ಇದೆ. ನಾನೇ ಕ್ಲಚ್ ಬೇಗ ಬಿಟ್ಬುಟ್ಟೆ.”

ತಪ್ಪು ತನ್ನದೆಂದು ಅಷ್ಟು ಸಲೀಸಾಗಿ ಯಾರಾದರೂ ಹೇಳಿಬಿಟ್ಟರೆ ಮುಂದೆ ಅನುಮಾನಿಸಲು ಏನೂ ಉಳಿಯುವುದಿಲ್ಲ. ಶಿವಮಲ್ಲಪ್ಪನವರು ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಕಾರು ಮತ್ತೆ ಹೊರಟು ದೊಡ್ಡ ರಸ್ತೆಗೆ ಬಂತು. ಪ್ರೇಮಲೀಲಾ ಕತ್ತು ಚಾಚಿ, ಕನ್ನಡಿ ನೋಡಿ, ತುಟಿ ಕಚ್ಚಿಕೊಂಡು ಓಡಿಸುತ್ತಿದ್ದರು. ಅಂಗಡಿಗಳ ಸಾಲು ಎಡಕ್ಕೆ ಸರಿಯುತ್ತಿತ್ತು.

“ಪ್ರೇಮ,” ಎಂದರು ಅವರು, ಹಿಂದಿನವರಿಗೆ ಕೇಳದಷ್ಟು ಮೆಲ್ಲಗೆ. “ಆ ಬೋರ್ಡುಗಳು ನಂಗೆ ಓದೋಕಾಗ್ತಿಲ್ಲ.”

ಪ್ರೇಮಲೀಲಾ ತಿರುಗಿ ನೋಡಲಿಲ್ಲ. ರಸ್ತೆಯಿಂದ ಕಣ್ಣು ತೆಗೆಯುವಂತಿರಲಿಲ್ಲ. “ಮೊದಲನೇದು ಟೈರ್ ಪಂಚರ್. ಅದರಾಚೆ ಬೇಕರಿ. ಆಮೇಲೆ ಎಳನೀರು.”

“ಎಳನೀರಾ? ಅಲ್ಲಿ ಯಾವತ್ತೂ ಎಳನೀರು ಮಾರ್ತಿರ್ಲಿಲ್ಲ.”

“ಈಗ ಮಾರ್ತಾರೆ.”

“ಸರಿಯಾಗಿ ನೋಡ್ದಾ?”

“ನೋಡ್ದೆ ರೀ.”

“ಹೂಂ,” ಎಂದರು. ಸ್ವಲ್ಪ ದೂರ ಹೋದ ಮೇಲೆ, “ಆ ಕಣ್ಣಿನ ಡಾಕ್ಟ್ರ ಹತ್ರ ಒಂದ್ಸಲ ಹೋಗಿ ನೋಡೋಣ. ಅವನು ಹೇಳಿದ್ದನ್ನ ಇನ್ನೊಬ್ಬ ಡಾಕ್ಟ್ರ ಹತ್ರ ಕೇಳೋಣ,” ಎಂದರು.

ಕಾರು ತಿರುಗಿ ಹೆಬ್ಬಾಳದ ಮನೆಯ ಮುಂದೆ ಬಂದು ನಿಂತಾಗ ಶಿವಮಲ್ಲಪ್ಪನವರು ಹಿಂದಕ್ಕೆ ತಿರುಗಿ ವಿಜಯ್‌ಕುಮಾರರಿಗೆ, “ನಾನು ಜೋರಾಗಿ ಕೂಗಬಾರದಿತ್ತು,” ಎಂದರು. ಕ್ಷಮೆಯ ಲೆಕ್ಕದಲ್ಲಿ ಅವರ ಬಾಯಿಂದ ಬಂದದ್ದು ಅಷ್ಟೇ. ಕೂಡಲೇ, “ಆದ್ರೂ ಮೆಕ್ಯಾನಿಕ್ ನೋಡದೆ ಮಾತು ಮುಗಿಸೋದಿಲ್ಲ,” ಎಂದು ಸೇರಿಸಿದರು. ಅದರಲ್ಲಿ ವಿಜಯ್‌ಕುಮಾರರಿಗೂ ಆಕ್ಷೇಪವಿರಲಿಲ್ಲ. ಸ್ಕೂಟರ್ ಇಲ್ಲೇ ಇರಲಿ, ಆಮೇಲೆ ಯಾರನ್ನಾದರೂ ಕಳಿಸಿ ತರಿಸಿಕೊಳ್ಳುತ್ತೇವೆ ಎಂದು ಪ್ರೇಮಲೀಲಾ ಕೇಳಿಕೊಂಡಾಗ ಗೇಟಿನ ಒಳಗೆ ನೆರಳಿನಲ್ಲಿ ಜಾಗ ಮಾಡಿಕೊಟ್ಟರು.

ಆಟೋ ಬಂದು ನಿಂತಿತ್ತು. ಶಿವಮಲ್ಲಪ್ಪನವರು ಸ್ಕೂಟರನ್ನು ತಾವೇ ತಳ್ಳಿ ನಿಲ್ಲಿಸಿದರು. ಹ್ಯಾಂಡಲ್ ತಿರುಗಿಸಿ ಲಾಕ್ ಮಾಡಿ, ಒಮ್ಮೆ ಅಲ್ಲಾಡಿಸಿ ನೋಡಿ, ಕೀಯನ್ನು ಹೆಂಡತಿಯ ಕೈಗೆ ಕೊಟ್ಟರು.

“ಸರಿಯಾಗಿ ಲಾಕ್ ಆಗಿದೆಯಾ ನೀನೊಂದ್ಸಲ ನೋಡ್ಬುಡು,” ಎಂದು ಪಿಸುಗುಟ್ಟಿದರು. “ಈ ಜನರನ್ನ ನಂಬಕ್ಕಾಗಲ್ಲ.”