ತವರಿನ ಮೂವತ್ತು ಹುಳ

ಹೋದ ವರ್ಷದ ಎಳ್ಳಮಾವಾಸ್ಯೆಯ ಮಾತು ಇದು. ಫೋನಿನಲ್ಲಿ ಕನ್ನಡ ಒತ್ತುವುದನ್ನು ಈಗಷ್ಟೇ ಕಲಿತಿದ್ದೇನೆ. ತಪ್ಪಿದ್ದರೆ ಅದು ನನ್ನದಲ್ಲ, ಬೆರಳಿನದು.

ನಮ್ಮ ಹೊಲ ಬಸವಕಲ್ಯಾಣದ ಹತ್ತಿರ. ಕೃಷಿ ಓದುವ ಮೊಮ್ಮಗಳು ಪಲ್ಲವಿ ಗುಲಗಂಜಿ ಹುಳ ಹಿಡಿಯಲು ಬಂದಿದ್ದಳು. ಬೆಳೆಯ ಹೇನು ತಿಂದು ರೈತನಿಗೆ ಉಪಕಾರ ಮಾಡುವ, ಕೆಂಪು ಬೆನ್ನಿನ ಸಣ್ಣ ಹುಳ ಅದು. ಒಂದೊಂದು ಊರಿನ ಹುಳಗಳ ವಂಶ ಎಷ್ಟು ಬೇರೆ ಎಂದು ನೋಡುವುದೇ ಅವಳ ಓದು. ಎಲ್ಲವೂ ಒಂದೇ ವಂಶವಾದರೆ ಒಂದೇ ರೋಗಕ್ಕೆ ಎಲ್ಲವೂ ಸಾಯಬಹುದಂತೆ; ಬೇರೆ ಬೇರೆ ಇದ್ದರೆ ಕೆಲವಾದರೂ ಉಳಿಯುತ್ತವಂತೆ. ಹಿಂದಿನ ದಿನ ಹುಮನಾಬಾದ್ ಕಡೆಯ ಹೊಲವೊಂದರಲ್ಲಿ ಮೂವತ್ತು ಹುಳ ಹಿಡಿದು ಡಬ್ಬಿಯಲ್ಲಿ ತಂದಿದ್ದಳು. ನಮ್ಮ ಜೋಳದ ಸುತ್ತ ಬೇಲಿಯಂತೆ ಬಿತ್ತಿದ ಕುಸುಬೆಯಲ್ಲಿ ಬೆಳಿಗ್ಗೆಯೇ ಇನ್ನೂ ಮೂವತ್ತು ಸಿಕ್ಕವು. ಅವು ಬಾಟಲಿಗೆ ಹೋದವು.

ಮಧ್ಯಾಹ್ನ ಪೂಜೆಯಾಗಿ ಹೊಲಕ್ಕೆಲ್ಲ ನೈವೇದ್ಯದ ಚರಗ ಚೆಲ್ಲಿದೆವು. ಆ ದಿನ ಭೂಮಿತಾಯಿಗೆ, ಹಕ್ಕಿಗೆ, ಇರುವೆಗೆ ಎಲ್ಲರಿಗೂ ಊಟ. ಭಜ್ಜಿ, ಕಡುಬು ತಿನ್ನುವಾಗ ನನ್ನ ಕಣ್ಣು ಆ ಡಬ್ಬಿಯ ಮೇಲೆ ಬಿತ್ತು. ನನ್ನ ತವರು ಹುಮನಾಬಾದ್ ಕಡೆಯದು. ತವರಿನವರು ನನ್ನ ಹೊಲಕ್ಕೆ ಬಂದು, ಇಂಥ ದಿನ ಹಸಿದು ಕೂರುವುದೇ? ಯಾರೂ ನೋಡದಾಗ ಮುಚ್ಚಳ ತೆಗೆದು, ಹೇನು ತುಂಬಿದ ಕುಸುಬೆಯ ಮೇಲೆ ಕೊಡವಿದೆ. ತಿಂದ ಮೇಲೆ ತಿರುಗಿ ಡಬ್ಬಿಗೆ ಹಾಕಿದರಾಯಿತು ಅಂದುಕೊಂಡಿದ್ದೆ. ಅವಕ್ಕೆ ರೆಕ್ಕೆ ಇರುವುದು ಹೊಳೆಯಲೇ ಇಲ್ಲ.

ಖಾಲಿ ಡಬ್ಬಿ ಹಿಡಿದು ಬಂದ ಪಲ್ಲವಿಗೆ ನಾನು ಮಾಡಿದ್ದನ್ನು ಹೇಳಿದೆ. "ಆಯಿ, ನಾಳಿ ಸಂಜಿಗಿ ನಾ ವಾಪಸ್ ಹೋಗಬೇಕು. ಹುಮನಾಬಾದಿನವು ಇಲ್ಲಂದ್ರ ನನ್ನ ಇಡೀ ಕೆಲಸ ಕೆಡ್ತದ."

ನೋಡಲು ಎಲ್ಲವೂ ಒಂದೇ, ನಮ್ಮವನ್ನೇ ಹಿಡಿದು ತುಂಬಿಕೋ ಅಂದೆ. ಅದು ಸುಳ್ಳು ಬರೆದಂತೆ ಎಂದು ಅತ್ತಳು. ನನ್ನ ಮಗ ನಗುತ್ತ, "ಯವ್ವಾ, ಹುಳಕ್ಕೂ ಬೀಗರ ಉಪಚಾರ ಮಾಡಿದಿ ನೋಡು" ಅಂದ. ಅವಳು ಹಿಡಿದಿದ್ದ ಆ ಹೊಲಕ್ಕೆ ಮರುದಿನ ಬೆಳಗಾಗುತ್ತಲೇ ಔಷಧಿ ಹೊಡೆಯುವವರಿದ್ದರು. ಅಲ್ಲಿಗೆ ಹೋಗಿ ಲಾಭವಿರಲಿಲ್ಲ.

ಮುಂಜಾನೆಯ ಮೊದಲ ಬಸ್ಸಿಗೇ ಅವಳನ್ನು ಹತ್ತಿಸಿಕೊಂಡು ತವರಿಗೆ ಹೊರಟೆ. ಅಲ್ಲಿ ನನ್ನ ತಮ್ಮ ಅಪ್ಪನ ಹಾಗೆಯೇ ಈಗಲೂ ಕುಸುಬೆಯ ಬೇಲಿ ಬಿತ್ತುತ್ತಾನೆ, ಔಷಧಿ ಮುಟ್ಟಿಸುವುದಿಲ್ಲ.

"ಅಕ್ಕ, ತವರಿಗಿ ಬಂದವರು ಸೀರಿ ಕೇಳ್ತಾರ. ನೀ ಹುಳ ಕೇಳಾಕತ್ತಿ" ಅಂದ.

"ಸೀರಿನೂ ಬೇಕು. ಮೊದಲ ಹುಳ."

ಪಲ್ಲವಿ ಮುಳ್ಳಿಗೆ ಹೆದರಿ ಒಂದೊಂದೇ ಹಿಡಿಯುತ್ತಿದ್ದಳು. ನಾನು ಕುಸುಬೆ ಕೊಯ್ದು ಮುದುಕಿಯಾದವಳು. ಕೈಗೆ ಬಟ್ಟೆ ಸುತ್ತಿಕೊಂಡು, ಗಿಡದ ಕೆಳಗೆ ಸೆರಗು ಹಾಸಿ, ಮೇಲಿನಿಂದ ತಟ್ಟಿದೆ. ಹುಳ ಸತ್ತಂತೆ ನಟಿಸುತ್ತ ಟಪಟಪ ಸೆರಗಿಗೆ ಬಿದ್ದವು. ಊಟದ ಹೊತ್ತಿಗೆ ಮೂವತ್ತೊಂದು. ವಾಪಸ್ ಬರುವಾಗ ದಾರಿಯುದ್ದಕ್ಕೂ ಡಬ್ಬಿ ಪಲ್ಲವಿಯ ತೊಡೆಯ ಮೇಲೇ ಇತ್ತು. ನನ್ನ ಕೈಗೆ ಕೊಡಲಿಲ್ಲ.

ಬೇಸಿಗೆಯಲ್ಲಿ ಅವಳ ಫೋನ್ ಬಂತು. "ಆಯಿ, ಹೊರಗ ಒಂದೇ ಕಂಡ್ರೂ ಒಳಗ ಫರಕ್ ಅದ. ನಿನ್ನ ತವರಿನವು ಬ್ಯಾರೆನೇ ಅವ."

ಐವತ್ತು ವರ್ಷದಿಂದ ಈ ಮನೆಯವರಿಗೆ ನಾನು ಹೇಳುತ್ತಾ ಬಂದಿದ್ದೂ ಅದನ್ನೇ. ಫೋನಿನಲ್ಲಿರುವ ಮನೆಯವರ ಗುಂಪಿಗೆ ನಾನು ಒತ್ತಿ ಕಳಿಸಿದ ಮೊದಲ ಮಾತೇ ಅದು.

ಕುಸುಬೆಯಲ್ಲಿ ಕೆಂಪು ಹುಳ ಕಂಡಾಗಲೆಲ್ಲ ಈಗ ಬಗ್ಗಿ ನೋಡುತ್ತೇನೆ. ಹಾರಿಹೋದ ಆ ಮೂವತ್ತರ ಪೈಕಿ ಕೆಲವು ಇಲ್ಲೇ ಮನೆ ಮಾಡಿರಬಹುದು, ಹೊಸ ವಂಶ ಸೇರಿದರೆ ಗಟ್ಟಿಯಾಗುತ್ತವೆ ಎನ್ನುತ್ತಾಳೆ ಪಲ್ಲವಿ. ನನಗೆ ಅದರಲ್ಲಿ ಅನುಮಾನವೇ ಇಲ್ಲ. ನನ್ನನ್ನೂ ಹುಮನಾಬಾದಿನಿಂದ ತಂದು ಇದೇ ಹೊಲದಲ್ಲಿ ಬಿಟ್ಟಿದ್ದರು.