ಡ್ರಾ ಆದವರಿಗೆ ಸಂತಾಪ ಹೇಳಿದ ಅಸಾತುರ್

ಗೋರಿಸ್ ಊರಿನಲ್ಲಿ ಅಸಾತುರ್ ಬಾಯಿ ಬಿಡುವವರೆಗೆ ಮದುವೆ ಊಟಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ. ಹಗಲಲ್ಲಿ ಅವನದು ಪಂಕ್ಚರ್ ಅಂಗಡಿ. ಔತಣದ ಮೇಜಿನ ತಲೆಗೆ ಕೂತನೆಂದರೆ ಅವನೇ ತಮಾದಾ, ಲೋಟ ಎತ್ತಿ ಎಲ್ಲರನ್ನೂ ಹರಸುವವನು. ವಧೂವರರಿಂದ ಶುರುಮಾಡಿ ಅಜ್ಜ ಅಜ್ಜಿಯರನ್ನೆಲ್ಲ ಮುಗಿಸಿ, ಕೊನೆಗೆ ವರನ ಕಾರಿನ ಇಂಜಿನ್ನಿಗೂ ದೀರ್ಘಾಯುಷ್ಯ ಕೋರುತ್ತಿದ್ದ. ಸಾವಿನ ಮನೆಯ ಊಟಕ್ಕೂ ಅವನೇ ಬೇಕು. ಸೂಟು ಅದೇ, ದನಿ ಮಾತ್ರ ಬೇರೆ.

ಆರ್ಮೇನಿಯಾದಲ್ಲಿ ಚೆಸ್ ಬಾರದ ಮಕ್ಕಳಿಲ್ಲ. ಅಸಾತುರ್‌ಗೂ ಬರುತ್ತಿತ್ತು. ಬಾಯಿ ಮುಚ್ಚಿಕೊಂಡು ಆಡಲು ಮಾತ್ರ ಬರುತ್ತಿರಲಿಲ್ಲ. ಎದುರಾಳಿಯ ಕುದುರೆಯ ಜೊತೆ ಹರಟಿದ್ದಕ್ಕೆ ಶಾಲೆಯ ತಂಡದಿಂದ ಅವನನ್ನು ಹೊರಗೆ ಹಾಕಿದ್ದರು.

ಆ ಶರತ್ಕಾಲದಲ್ಲಿ ಜಗತ್ತಿನ ಹತ್ತು ಮಂದಿ ಗ್ರ್ಯಾಂಡ್‌ಮಾಸ್ಟರುಗಳ ಪಂದ್ಯಾವಳಿ ಗೋರಿಸ್‌ಗೆ ಬಂತು. ಯೆರೆವಾನಿನಿಂದ ಬಂದಿದ್ದ ಘೋಷಕನಿಗೆ ಬೆಟ್ಟದ ಚಳಿಗೆ ಗಂಟಲು ಕಟ್ಟಿಹೋಯಿತು. ಪುರಸಭೆಯ ಅಧ್ಯಕ್ಷರು ತಾವೇ ಪಂಕ್ಚರ್ ಅಂಗಡಿಗೆ ಬಂದರು.

"ಅಸಾತುರ್ ಜಾನ್, ಹೆಸರು ಹೇಳು, ಫಲಿತಾಂಶ ಹೇಳು, ಇಳಿದು ಬಾ. ಜಾಸ್ತಿ ಮಾತಾಡಿದ್ಯೋ, ಇಲ್ಲಿರೋ ಟೈರೆಲ್ಲಾ ನಾನೇ ಚುಚ್ಚಿಬಿಡ್ತೀನಿ."

"ನಾನ್ಯಾವತ್ತು ಜಾಸ್ತಿ ಮಾತಾಡಿದೀನಿ?" ಎಂದ ಅಸಾತುರ್. ಒಳಗಿನಿಂದ ಹೆಂಡತಿ ಸಿರ್ವಾರ್ದ್ ಜೋರಾಗಿ ಕೆಮ್ಮಿದಳು.

ಮೊದಲ ದಿನ ಐದು ಆಟ. ಐದೂ ಡ್ರಾ. ವೇದಿಕೆ ಹತ್ತಿದ ಅಸಾತುರ್‌ಗೆ ಸಂಕಟವಾಯಿತು. ಗೆದ್ದವನಿದ್ದರೆ ಹರಸಬಹುದು, ಸೋತವನಿದ್ದರೆ ಬೆನ್ನು ತಟ್ಟಬಹುದು. ಇವರನ್ನು ಏನು ಮಾಡುವುದು? ಯೋಚಿಸಿ, ಟೋಪಿ ತೆಗೆದು, ಸಾವಿನ ಮನೆಯ ದನಿಯನ್ನು ಹೊರಗೆ ತೆಗೆದ.

"ಬಂಧುಗಳೇ, ಐದೂ ಡ್ರಾ ಆಗೋಯ್ತು. ಇವತ್ತು ಹತ್ತು ಮನೇಲಿ ಒಲೆ ಹೊತ್ತಲ್ಲ. ಇವರ ತಾಯಂದಿರಿಗೆ ದೇವರು ಧೈರ್ಯ ಕೊಡ್ಲಿ."

ಹಿಂದಿನ ಸಾಲಿನ ಮುದುಕಿಯರು ಅಭ್ಯಾಸಬಲದಿಂದ ಎದ್ದು ನಿಂತು ಶಿಲುಬೆ ಗುರುತು ಹಾಕಿಕೊಂಡರು. ಉಳಿದವರು ನಕ್ಕು ನಕ್ಕು ಕುರ್ಚಿ ಮುರಿದರು. ಮುಖ್ಯ ತೀರ್ಪುಗಾರ್ತಿ, ಹಾಲೆಂಡಿನ ವಿಲ್ಮಾ, ದುಭಾಷಿ ನಾಜೆಲಿಯನ್ನು ಕೇಳಿದಳು: "ಏನಂದರು?"

"ಆಟಗಾರರ ತಾಯಂದಿರ ಆರೋಗ್ಯ ವಿಚಾರಿಸಿದರು," ಎಂದಳು ನಾಜೆಲಿ. ವಿಲ್ಮಾಗೆ ಈ ಊರಿನವರ ಸಂಸ್ಕಾರ ಬಹಳ ಹಿಡಿಸಿತು.

ಹತ್ತು ಮಂದಿಯಲ್ಲಿ ಬಾಲಿಂಟ್ ಎಂಬ ಹಂಗೇರಿಯವನಿದ್ದ. ದಿನವೂ ಡ್ರಾ, ದಿನವೂ ಸಂತಾಪ. ಒಂದು ಸಂಜೆ ಮುದುಕಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತ ಅವನ ಕೈಗೆ ಎರಡು ಕೆಂಪು ಹೂ ಇಟ್ಟು ಹೋದಳು. ಜೋಡಿ ಹೂ ಕೊಡುವುದು ಸತ್ತವರಿಗೆ. ಬಾಲಿಂಟ್‌ನ ಊರಿನಲ್ಲೂ ಅದೇ ರೂಢಿ. ಅವನು ನಾಜೆಲಿಯನ್ನು ಮೂಲೆಗೆ ಕರೆದು ನಿಜ ಬಾಯಿಬಿಡಿಸಿದ.

"ನಾನಿನ್ನೂ ಬದುಕಿದೀನಿ ಅಂತ ಆ ಮನುಷ್ಯನಿಗೆ ಹೇಳಿ!" ಎಂದು ಕೂಗಿದ.

ಮರುದಿನ ಎದುರಾಳಿ ಡ್ರಾ ಮಾಡಿಕೊಳ್ಳೋಣವೆಂದರೆ ಬಾಲಿಂಟ್ ಒಪ್ಪಲಿಲ್ಲ. ಕೈಯಲ್ಲಿದ್ದ ಕಾಯಿಗಳನ್ನೆಲ್ಲ ಬಲಿಕೊಟ್ಟು ಮೇಲೆ ಬಿದ್ದ. ಹಾಗೇ ಸೋತ.

"ಬಾಲಿಂಟ್ ಸೋತ!" ಅಸಾತುರ್‌ನ ದನಿಗೆ ಕಿಟಕಿ ನಡುಗಿತು. "ಸೋತರೆ ಹಿಂಗೆ ಸೋಲಬೇಕು ಕಣ್ರಯ್ಯಾ! ಮನೆ, ಹೊಲ, ಹೆಂಡ್ತಿ ಒಡವೆ, ಎಲ್ಲಾ ಒತ್ತೆ ಇಟ್ಟು!" ಸಭೆಯೆಲ್ಲ ಶಿಳ್ಳೆ.

ಮನೆಯಲ್ಲಿ ಸಿರ್ವಾರ್ದ್ ಕಾಯುತ್ತಿದ್ದಳು. "ಪರದೇಶಿ ಕೂಸು, ಡ್ರಾ ಮಾಡ್ಕೊಂಡು ತನ್ನ ಪಾಡಿಗೆ ತಾನಿತ್ತು. ನಿನ್ನ ನಾಲಿಗೆಗೆ ಬೆಂಕಿ ಹಾಕ! ಹೋಗಿ ಕರ್ಕೊಂಡ್ ಬಾ ಊಟಕ್ಕೆ."

ಅಸಾತುರ್ ತಲೆ ತಗ್ಗಿಸಿಕೊಂಡು ಹೋಗಿ ಕರೆತಂದ. ಸೊಪ್ಪು ತುಂಬಿದ ರೊಟ್ಟಿ, ಹುರುಳಿಕಾಯಿಯ ಪಲ್ಯ, ಹಿಪ್ಪುನೇರಳೆಯ ವೋಡ್ಕಾ. ಇಬ್ಬರಿಗೂ ಬರುತ್ತಿದ್ದದ್ದು ಮುರುಕು ರಷ್ಯನ್.

"ತಪ್ಪಾಯ್ತು ಕಣಪ್ಪಾ," ಎಂದ ಅಸಾತುರ್.

"ಎಂಥಾ ತಪ್ಪು?" ಬಾಲಿಂಟ್‌ನ ಕಣ್ಣು ಹೊಳೆಯುತ್ತಿತ್ತು. "ನಾನು ಆಡುವಾಗ ಜನ ನಿದ್ದೆ ಮಾಡೋರು. ಇವತ್ತು ಶಿಳ್ಳೆ ಹೊಡೆದರು. ನಾಳೇನೂ ಸೋಲ್ತೀನಿ!"

"ಒಂದಾದ್ರೂ ಗೆಲ್ಲೋ, ನಿನ್ನ ದಮ್ಮಯ್ಯ!"

ಗೆಲ್ಲಲಿಲ್ಲ. ಉಳಿದ ಆಟಗಳನ್ನೆಲ್ಲ ಗುಡುಗು ಸಿಡಿಲಿನಂತೆ ಆಡಿ, ಎಲ್ಲವನ್ನೂ ಸೋತು, ಹತ್ತನೆಯವನಾದ. ಮೊದಲು ಬಂದವನು ಐಸ್‌ಲ್ಯಾಂಡಿನ ಥೋರಲ್ದುರ್. ಊರಿಗೆ ಬಂದಾಗಿನಿಂದ ಅವನ ಬಾಯಿಂದ ಒಂದು ಮಾತು ಕೇಳಿದವರಿರಲಿಲ್ಲ.

ಬಹುಮಾನ ಸಮಾರಂಭದ ದಿನ ಅಸಾತುರ್ ಹತ್ತನೆಯವನಿಂದ ಶುರುಮಾಡಿದ. ಬಾಲಿಂಟ್‌ನ ಹೆಸರಿಗೆ ಸಭೆ ಎದ್ದು ನಿಂತಿತು. ಅವನ ತಾಯಿಯನ್ನು, ತಾಯಿಯ ತಾಯಿಯನ್ನು, ಹಂಗೇರಿಯ ನದಿಗಳನ್ನು ಹರಸಿಯಾಯಿತು. ಆರನೆಯವನ ಸೋದರಮಾವನ ಹತ್ತಿರ ಬರುವಷ್ಟರಲ್ಲಿ ವಿಲ್ಮಾ ಅವನ ತೋಳು ಜಗ್ಗಿದಳು. ಅವಳನ್ನೂ ಹರಸಿದ. ಹೊರಗೆ ಥೋರಲ್ದುರ್‌ನ ಕಾರು ಹಾರ್ನ್ ಹೊಡೆಯುತ್ತಲೇ ಇತ್ತು. ಯೆರೆವಾನಿನಲ್ಲಿ ವಿಮಾನ ಹಿಡಿಯಬೇಕಿತ್ತು, ದಾರಿಯೋ ಬೆಟ್ಟದ ದಾರಿ. ಥೋರಲ್ದುರ್ ಎದ್ದು, ಮೇಜಿನ ಮೇಲಿದ್ದ ತನ್ನ ಮೊದಲ ಬಹುಮಾನದ ಬೆಳ್ಳಿ ಬಟ್ಟಲನ್ನು ಕಂಕುಳಲ್ಲಿಟ್ಟು, ಅಸಾತುರ್‌ನ ಬಾಯನ್ನೇ ನೋಡುತ್ತಿದ್ದ ಸಭೆಗೆ ನಮಸ್ಕರಿಸಿ ಹೊರಟುಹೋದ.

ಮೂರನೆಯವನನ್ನು ಮುಗಿಸಿ ತಿರುಗಿ ನೋಡಿದ ಅಸಾತುರ್‌ಗೆ ಮೇಜು ಬರಿದಾಗಿ ಕಂಡಿತು.

"ಕಳ್ಳ! ಬಟ್ಟಲು ಕದ್ದವ್ರೆ!"

ನಾಲ್ಕು ಕಾರು ಹೊರಟವು. ಬೆಟ್ಟದ ತಿರುವಿನಲ್ಲಿ ಮುಂದೆ ಓಡುತ್ತಿದ್ದ ಕಾರನ್ನು ಅಡ್ಡಗಟ್ಟಿ, ಪಂದ್ಯಾವಳಿ ಗೆದ್ದವನನ್ನು ರಟ್ಟೆ ಹಿಡಿದು ಕರೆತಂದರು. ವಿಲ್ಮಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಅಧ್ಯಕ್ಷರು ಕುರ್ಚಿಯ ಹಿಂದೆ ಬಗ್ಗಿದರು. ಅಸಾತುರ್ ಮಾತ್ರ ಓಡಿಹೋಗಿ ಥೋರಲ್ದುರ್‌ನನ್ನು ಅಪ್ಪಿಕೊಂಡು, ಅವಮಾನ ತೊಳೆಯಲೆಂದು, ಅದುವರೆಗೆ ಯಾರನ್ನೂ ಹರಸದಷ್ಟು ಉದ್ದಕ್ಕೆ ಅವನನ್ನು ಹರಸಿದ. ವಿಮಾನ ಹೋಯಿತು.

ಆ ರಾತ್ರಿ ಥೋರಲ್ದುರ್ ಉಳಿದದ್ದು ಅಸಾತುರ್‌ನ ಮನೆಯಲ್ಲೇ. ಬೆಳಿಗ್ಗೆ ಅವನೂ ಬಾಲಿಂಟೂ ಅಂಗಳದಲ್ಲಿ ಆಟಕ್ಕೆ ಕೂತರು. ಅಸಾತುರ್ ನಡುವೆ ನಿಂತು ಇಬ್ಬರಿಗೂ ಬುದ್ಧಿ ಹೇಳತೊಡಗಿದ. "ಕುದುರೆ ಕಣೋ, ಕುದುರೆ! ಅಯ್ಯೋ, ಆ ಬಡಪಾಯಿ ಆನೇನ ಯಾಕೋ ಮೂಲೇಲಿ ಕೂರಿಸಿದೀಯಾ?"

ಥೋರಲ್ದುರ್ ನಿಧಾನವಾಗಿ ತಲೆಯೆತ್ತಿ, ಅಚ್ಚ ಆರ್ಮೇನಿಯನ್ ಭಾಷೆಯಲ್ಲಿ, "ಬಾಯಿ ಮುಚ್ಚು," ಎಂದ.

ಅಸಾತುರ್ ಆನಂದದಲ್ಲಿ ಎರಡೂ ಕೈ ಮೇಲೆತ್ತಿದ. "ನಮ್ಮ ಭಾಷೆ! ಯಾರು ಕಲಿಸಿದ್ದೋ ನಿನಗೆ?"

ಸಿರ್ವಾರ್ದ್ ಏನೂ ಅರಿಯದವಳಂತೆ ಐಸ್‌ಲ್ಯಾಂಡಿನವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.